ಪಂಕ್ತಿಯಲ್ಲಿ ಒಂದು ಜಾಗ

ವಾರ್ಡನ್ ನನಗೂ ಟಿ.ಸಿ. ಕೊಡಬಹುದಿತ್ತು. ಬಸವಕಲ್ಯಾಣದಿಂದ ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದೇ ಬರಬಹುದಿತ್ತು. ದಾರಿಯಲ್ಲಿ ಬಸ್ಸು ಕೆಟ್ಟು, ಅದಕ್ಕೂ ನಾನೇ ಕಾರಣನಾಗಬಹುದಿತ್ತು. ಬಿಸಿ ಬೇಳೆಸಾರಿನ ವಾಸನೆ ಬಂದರೆ ಸಾಕು, ಆ ಮಧ್ಯಾಹ್ನದ ಚಿಂತೆಗಳೆಲ್ಲ ಈಗಲೂ ಸಾಲಾಗಿ ಬಂದು ನಿಲ್ಲುತ್ತವೆ.

ಹುಮನಾಬಾದಿನಲ್ಲಿ ಮಠದವರ ಶಾಲೆ, ಅವರದೇ ಹಾಸ್ಟೆಲ್. ಹಿಂದಿನ ದಿನ ವಾರ್ಡನ್ ಗದರಿಸಿ ಕೇಳಿದ್ದಕ್ಕೆ ನನ್ನ ಗೆಳೆಯ ಶಿವು, "ಹೌದ್ರಿ ಸರ್, ನನಗ ಹುಡುಗೀರಲ್ಲ, ಹುಡುಗರೇ ಇಷ್ಟ ಆಗ್ತಾರ್ರಿ" ಎಂದುಬಿಟ್ಟಿದ್ದ. ಸುಳ್ಳು ಹೇಳಲೂ ಬಾರದ ಪ್ರಾಣಿ!

ಊಟಕ್ಕೆ ಮೊದಲು ವಾರ್ಡನ್ ಎಂದಿನಂತೆ ನಮ್ಮಿಂದ ಕೈ ಮುಗಿಸಿ, "ದಾಸೋಹದಾಗ ಎಲ್ಲಾರೂ ಒಂದೇ" ಎಂದು ಹೇಳಿಸಿದರು. ಅದೇ ಉಸಿರಿನಲ್ಲಿ, "ಶಿವ್ಯಾ, ನೀ ಬಾಗಿಲ ಕಡೆ ಒಬ್ಬನೇ ಕೂಡು. ಇವನ ಬಾಜೂಕ ಯಾವನರ ಕುಂತ್ರ ಟಿ.ಸಿ. ಕೈಯಾಗ ಕೊಡ್ತೀನಿ" ಎಂದರು.

ಬಡಿಸುತ್ತಿದ್ದ ಅಡುಗೆಯ ಅಜ್ಜಿ ಸೌಟು ನಿಲ್ಲಿಸಿದಳು. "ಹಂಗಾರ ಸಾರೂ ಬ್ಯಾರೆ ಕುದಸ್ಲೇನ್ರಿ, ಸರ?"

ವಾರ್ಡನ್ ಸಿಡುಕುತ್ತ ಹೊರಗೆ ಹೋದರು. ಶಿವು ತಾಟು ಹಿಡಿದು ನೇರವಾಗಿ ನನ್ನ ಬಳಿ ಬಂದು, "ಜರಾ ಸರೀಪಾ" ಎಂದು ಕೂರಲು ಜಾಗ ಕೇಳಿದ.

ಯಾರೂ ನೋಡುತ್ತಿರಲಿಲ್ಲ. ನಾನು ಹೆದರಿದ್ದ ಯಾವುದೂ ಆಗಲಿಲ್ಲ. ಅವನು ಕೂರದ ಹಾಗೆ ಪಕ್ಕದ ಖಾಲಿ ಜಾಗದಲ್ಲಿ ನನ್ನ ನೀರಿನ ಚೊಂಬು ಇಟ್ಟೆ, ಅಷ್ಟೇ.