ಮೂರನೆಯ ಭಾನುವಾರದ ಕೋಟು

ಕುರಿ ನೋಡಿ ಬರುತ್ತೇನೆಂದು ಮಲಾಕಿ ಎರಡು ನಾಯಿಗಳನ್ನು ಕರೆದುಕೊಂಡು ಗುಡ್ಡಕ್ಕೆ ಹೋಗಿದ್ದ. ಮನೆಗೆ ಬಂದದ್ದು ಎಳೆಯ ನಾಯಿ ಬೆಸ್ ಒಂದೇ. ಅದು ಬೊಗಳಲಿಲ್ಲ, ಒಳಗೂ ಬರಲಿಲ್ಲ. ಹೊಸ್ತಿಲಾಚೆ ನಿಂತು ಡಿಂಪ್ನಾಳ ಮುಖ ನೋಡಿತು. ಕೌದಿ ಹೊಲಿಯುತ್ತಿದ್ದ ಡಿಂಪ್ನಾ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಮುದಿ ನಾಯಿ ಟಾಸ್ ಬಂದಿಲ್ಲವೆಂದರೆ ಅದು ಅಣ್ಣನ ಪಕ್ಕದಲ್ಲಿ ಕೂತಿದೆ. ಕೂತಿದೆಯೆಂದರೆ ಅಣ್ಣ ಏಳುತ್ತಿಲ್ಲ. ಅವಳು ಶಿಲುಬೆಯ ಗುರುತು ಹಾಕಿಕೊಂಡು ಗುಡ್ಡ ಹತ್ತಿದಳು.

ಅಣ್ಣ ಮಲಾಕಿಯನ್ನು ಮಣ್ಣು ಮಾಡಿ ಬಂದ ಮೇಲೆ ಉಳಿದದ್ದು ಕೋಟಿನ ಕೆಲಸ. ಲೀಟ್ರಿಮ್ ಸೀಮೆಯ ಹಳಬರ ಪದ್ಧತಿ ಅದು: ಸತ್ತವರ ಬಟ್ಟೆಯನ್ನು ಹತ್ತಿರದವರೊಬ್ಬರು ತೊಟ್ಟು ಮೂರು ಭಾನುವಾರ ತಪ್ಪದೆ ಚರ್ಚಿನ ಪೂಜೆಗೆ ಹೋಗಬೇಕು. ಹಾಗಾದರೆ ಮಾತ್ರ ಸತ್ತವರಿಗೆ ಆ ಲೋಕದಲ್ಲಿ ಮೈಮೇಲೆ ಬಟ್ಟೆ. ಆಮೇಲೆ ಅದು ತೊಟ್ಟವರಿಗೇ ಸೇರುತ್ತದೆ. ಮಲಾಕಿಯ ಉಣ್ಣೆಯ ಕೋಟು ತೊಡಲು ಪಕ್ಕದ ಮನೆಯ ಫಿಂಟನ್ ಒಪ್ಪಿದ. ಆಳು ಗಿಡ್ಡ.

"ತೋಳು ಉದ್ದ ಆಯ್ತಲ್ಲ ಡಿಂಪ್ನಾ. ನನ್ನ ಕೈ ಎಲ್ಲಿದೆ ಅಂತ ನಾನೇ ಹುಡುಕಬೇಕು."

"ಸಿಕ್ಕಿದ್ರೆ ಜಪಮಾಲೆ ಹಿಡ್ಕೋ. ಮೂರು ಭಾನುವಾರ ಮುಗಿಯೋವರೆಗೂ ನಾನು ಕತ್ತರಿ ತಾಗಿಸಲ್ಲ. ಅವನು ಅಲ್ಲಿ ಮೋಟು ತೋಳಲ್ಲಿ ನಿಂತಿರಬೇಕೇನು?"

ಎರಡು ಭಾನುವಾರ ಕೋಟು ಇಗರ್ಜಿಗೆ ಹೋಯಿತು. ಅದರ ಹಿಂದೆ ಟಾಸ್ ಹೋಗಿ ಬಾಗಿಲಲ್ಲಿ ಮಲಗಿತು. ಬೆಸ್ ಮಾತ್ರ ಡಿಂಪ್ನಾಳ ಕಾಲ ಬಳಿ ಬರಲು ಅಂಜುತ್ತಿತ್ತು. ಕೌದಿಯ ನಡುವಿನ ಚೌಕಕ್ಕೆಂದು ಅವಳು ಅಮ್ಮನ ಹಳದಿ ಗೌನಿನ ಕೊನೆಯ ತುಂಡನ್ನು ಕತ್ತರಿಸಿಟ್ಟಿದ್ದಳು. ಬೇಸಿಗೆಯಲ್ಲಿ ಅದು ಮಾಯವಾಗಿತ್ತು; ಬೆಸ್ಸೇ ಕಚ್ಚಿಕೊಂಡು ಹೋಗಿ ಎಲ್ಲೋ ಹೂತುಹಾಕಿದೆ ಎಂದು ತೀರ್ಮಾನವಾಯಿತು. ಅವಳು ನಾಯಿಯನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದಳು. "ಕಳ್ಳ ಮುಂಡೇದು," ಎಂದು ಮಲಾಕಿಯೂ ಬೈದಿದ್ದ. ನಡುವಿನ ಚೌಕ ಇನ್ನೂ ಖಾಲಿಯೇ ಇತ್ತು.

ಮೂರನೆಯ ಭಾನುವಾರ ಫಿಂಟನ್ ಹಾಸಿಗೆ ಬಿಟ್ಟು ಏಳಲಿಲ್ಲ. ಡಿಂಪ್ನಾ ಹಾಲಿನಲ್ಲಿ ಈರುಳ್ಳಿ ಬೇಯಿಸಿಕೊಂಡು ಹೋದಳು.

"ಕೋಟು ಬಂತು, ಅದರ ಹಿಂದೇನೇ ಮಲಾಕಿಯ ಕೆಮ್ಮೂ ಬಂತು ನೋಡು," ಎಂದ ಅವನು.

"ಅವನ ಕೆಮ್ಮು ಪೈಪಿನದು. ಆ ಪೈಪನ್ನೂ ಈಸ್ಟರ್ ಹಬ್ಬಕ್ಕೆ ಆಣೆ ಮಾಡಿ ಬಿಟ್ಟಿದ್ದ, ಪುಣ್ಯಾತ್ಮ. ನಿನ್ನದು ಸೋಮಾರಿ ಕೆಮ್ಮು. ಏಳು."

ಅವನು ಎದ್ದು ಕೂತ. ಹಾಗೆಯೇ ಮತ್ತೆ ಒರಗಿದ. ಹಣೆ ಸುಡುತ್ತಿತ್ತು. "ಮುಂದಿನ ವಾರ ಹೋದ್ರೆ ನಡೆಯಲ್ವಾ?"

"ನಡುವೆ ತಪ್ಪಿದ್ರೆ ಹಿಂದಿನ ಎರಡೂ ನೀರಲ್ಲಿ ಹೋಮ. ಅವನನ್ನ ಬರೀ ಮೈಯಲ್ಲಿ ನಿಲ್ಲಿಸಿ ನನಗೆ ಅನ್ನ ಇಳಿಯುತ್ತೇನು? ಕೋಟು ಹೋದ್ರೆ ಸಾಕು, ಒಳಗೆ ಯಾರಿದ್ರೇನು?" ಗೂಟದಲ್ಲಿದ್ದ ಕೋಟನ್ನು ತೆಗೆದು ಅವಳು ತಾನೇ ತೊಟ್ಟುಕೊಂಡಳು. ಅದು ಮೊಣಕಾಲಿನ ಕೆಳಗೆ ಇಳಿಯಿತು.

"ಬೆದರುಬೊಂಬೆ ಅಂತಾರೆ ಜನ."

"ಅನ್ನಲಿ. ಕಾಗೆ ಬರದೆ ಇದ್ರೆ ಸಾಕು."

ಇಗರ್ಜಿಯಲ್ಲಿ ಜನ ತಿರುಗಿ ತಿರುಗಿ ನೋಡಿದರು. ಪೂಜೆ ಅರ್ಧವಾಗುವಷ್ಟರಲ್ಲಿ ಚಳಿಗೆ ಕೈ ಕೊರೆಯತೊಡಗಿ ಅವಳು ಎಡಗಡೆಯ ಜೇಬಿಗೆ ಕೈ ಹಾಕಿದಳು. ಬೆರಳಿಗೆ ಹೊಲಿಗೆ ಸಿಕ್ಕಿತು. ಅವಳ ಹೊಲಿಗೆಯಲ್ಲ, ಮುಳ್ಳುಬೇಲಿ ಕಟ್ಟುವವನು ಹಾಕಿದಂಥ ಹೊಲಿಗೆ. ಮೆಲ್ಲನೆ ಜೇಬನ್ನು ಹೊರಕ್ಕೆ ಎಳೆದು ನೋಡಿದಳು. ಸುಟ್ಟು ಕರಕಲಾದ ತೂತು, ತಂಬಾಕಿನ ವಾಸನೆ. ಆ ತೂತಿಗೆ ಉಣ್ಣೆಮೂಟೆ ಹೊಲಿಯುವ ದಾರದಲ್ಲಿ ಹಾಕಿದ ತೇಪೆ, ಅಮ್ಮನ ಹಳದಿ ಗೌನಿನ ತುಂಡು.

ಆಣೆ ಮಾಡಿದವನು ಇಗರ್ಜಿಯ ಬಾಗಿಲವರೆಗೂ ಪೈಪು ಸೇದಿ, ಆರಿಸದೆಯೇ ಜೇಬಿಗೆ ಇಳಿಸಿದ್ದಾನೆ! ಆಮೇಲೆ ತಂಗಿಯ ಹೊಲಿಗೆಪೆಟ್ಟಿಗೆಗೆ ಕೈಹಾಕಿ, ನಾಯಿಯನ್ನು ಕಳ್ಳನೆಂದಿದ್ದಾನೆ! ಡಿಂಪ್ನಾಳಿಗೆ ಹೊಟ್ಟೆಯ ಆಳದಿಂದ ನಗು ಉಕ್ಕಿತು. ತಡೆಯಲಾರದೆ ಕೆಮ್ಮಿದಳು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಹಿಂದಿನ ಸಾಲಿನ ಹೆಂಗಸು ಬೆನ್ನು ನೇವರಿಸಿ ಪೆಪ್ಪರಮಿಂಟು ಕೊಟ್ಟಳು.

ಮಧ್ಯಾಹ್ನ ಅವಳು ಫಿಂಟನ್ನನ ಹಾಸಿಗೆಯ ಮುಂದೆ ನಿಂತು ಜೇಬನ್ನು ಹೊರಗೆಳೆದು ತೋರಿಸಿದಳು.

"ನಾನು ಮೊದಲ ಭಾನುವಾರವೇ ನೋಡಿದೆ," ಎಂದ ಫಿಂಟನ್. "ಸತ್ತವನ ಮೇಲೆ ಚಾಡಿ ಹೇಳಕ್ಕಾಗುತ್ತಾ? ಆ ತೇಪೆ ಬಿಚ್ಕೊಂಡು ಬಿಡು, ನಿನ್ನ ಕೌದಿ ಮುಗಿಯುತ್ತೆ."

"ಬಿಚ್ಚಲ್ಲ. ಅವನು ಇದನ್ನೇ ಹಾಕ್ಕೊಂಡು ಅಲ್ಲಿಗೆ ಸೇರಿದಾನೆ. ಈಗ ಕೈ ಚಾಚು, ತೋಳು ಅಳೀಬೇಕು."

ಸಂಜೆ ಅವಳು ಕೋಟಿನ ತೋಳುಗಳನ್ನು ಫಿಂಟನ್ನನ ಅಳತೆಗೆ ಮೋಟು ಮಾಡಿದಳು. ಕತ್ತರಿಸಿ ಬಂದ ತುಂಡುಗಳನ್ನು ಕೂಡಿಸಿದಾಗ ಒಂದು ಚೌಕಕ್ಕೆ ಸಾಲುವಷ್ಟಾಯಿತು. ಬ್ರೆಡ್ಡಿಗೆ ದಪ್ಪನಾಗಿ ಬೆಣ್ಣೆ ಸವರಿ ಬೆಸ್ಸಿನ ಮುಂದೆ ಹಿಡಿದಳು. ಅದು ಒಂದು ಸಲ ಅವಳ ಮುಖ, ಒಂದು ಸಲ ಬ್ರೆಡ್ಡು ನೋಡಿ, ಕೊನೆಗೆ ತಿಂದು, ಅವಳ ಪಾದದ ಮೇಲೆ ತಲೆಯಿಟ್ಟು ಮಲಗಿತು. ಡಿಂಪ್ನಾ ಕಾಲು ಅಲ್ಲಾಡಿಸದೆ ಕೌದಿಯ ನಡುವೆ ಸೂಜಿ ಇಳಿಸಿದಳು. ಪ್ರತಿ ಹೊಲಿಗೆಗೂ ತುಟಿ ಆಡುತ್ತಿತ್ತು.

"ಪ್ರಭುವೇ, ನಮ್ಮ ಮಲಾಕಿಗೆ ನಿತ್ಯ ವಿಶ್ರಾಂತಿ ಕೊಡು. ಪೈಪಿನ ವಿಷಯ ಕೇಳಬೇಡ. ಅವನಿಗೆ ಅಲ್ಲಿ ಚಳಿಯಾದರೆ ಎಡಗಡೆ ಜೇಬಿಗೆ ಕೈ ಹಾಕಿಕೊಳ್ಳಲಿ, ಅಮ್ಮನ ಬಟ್ಟೆ ಇದೆ. ಆಮೆನ್."