ಏಳನೆಯ ಪೀಪಾಯಿಗೆ ಒಂಬತ್ತು

ಸ್ಕೂಟರಿನ ಸೀಟು ಎತ್ತಿದಾಗ ಗುಲಾಬಿಯ ವಾಸನೆ ಬಂತು.

ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನದ ಬೆಳಿಗ್ಗೆ. ಗಂಡ ಮನೀಷನ ವಿಮೆಯ ಕಾಗದ ಹುಡುಕುತ್ತಿದ್ದ ಪ್ರಾಪ್ತಿಯ ಕೈಗೆ ಅಂಗೈ ಅಗಲದ ಮರದ ಪೆಟ್ಟಿಗೆ ಸಿಕ್ಕಿತು. ಒಳಗೆ ನಾಲ್ಕು ಪುಟ್ಟ ಬಾಟಲಿಗಳು. ಒಂದರ ಬಿರಡೆ ಸಡಿಲವಾಗಿತ್ತು. ಉಳಿದ ಮೂರನ್ನು ಅವಳು ತೆರೆಯಲಿಲ್ಲ. ಜೊತೆಗೊಂದು ಚೀಟಿ, ಮನೀಷನ ಅಕ್ಷರ: "ಸಾತ್ವಿಕಾಳದ್ದು. ಹಿಂದೆ ಕೊಡಬೇಕು." ಕೆಳಗೆ ಫೋನ್ ನಂಬರು.

ಆ ವಾಸನೆ ಅವಳಿಗೆ ಗುರುತಿತ್ತು. ಐದು ತಿಂಗಳ ಹಿಂದೆ ಅವನು ಜ್ವರದಲ್ಲಿ ಮಲಗಿದ್ದಾಗ ಹತ್ತು ದಿನ ಅವಳು ಪಕ್ಕ ಬಿಟ್ಟು ಕದಲಿರಲಿಲ್ಲ. ಎದ್ದ ವಾರದಿಂದಲೇ ಶುರುವಾಯಿತು. ಪ್ರತಿ ಗುರುವಾರ ಅಂಗಿಯ ತೋಳಿನಲ್ಲಿ ಗುಲಾಬಿ. ಅದನ್ನು ಮುಚ್ಚಿಡುವ ಗೊಡವೆಗೂ ಅವನು ಹೋಗಿರಲಿಲ್ಲ. ಅವಳಿಗೆ ಹೆಚ್ಚು ನೋವಾದದ್ದು ಅದಕ್ಕೆ. ಏನು ಬಡಿಸಿದರೂ "ಲಾಯ್ಕುಂಟು" ಎಂದು ಹೊಗಳುತ್ತಿದ್ದ. ತಳ ಹಿಡಿದ ಸಾರಿಗೂ ಅದೇ ಮಾತು. ತಪ್ಪು ಮಾಡಿದವನ ಮೆದುತನ ಎಂದುಕೊಂಡಿದ್ದಳು.

ಕೊನೆಯ ದಿನ ಆ ಗುಲಾಬಿಯ ವಿಷಯಕ್ಕೇ ಜಗಳವಾಯಿತು. ಅವಳು ಒಲೆಯ ಮೇಲಿದ್ದ ಪಾತ್ರೆ ಇಳಿಸಿದವಳೇ ಕಕ್ಕಿಂಜೆಯ ತವರಿಗೆ ಹೊರಟಳು. ಬಸ್ಸು ಬೆಳ್ತಂಗಡಿ ದಾಟುವಾಗ ಅನುಮಾನ ಬಂತು. ಫೋನ್ ಮಾಡಿದಳು.

"ಗ್ಯಾಸ್ ಸರಿ ಬಂದ್ ಮಾಡಿದ್ದೇನಾ ನೆನಪಿಲ್ಲ. ವಾಸನೆ ಬರ್ತದಾ ನೋಡಿ."

"ಇಲ್ಲ. ಎಂಥದ್ದೂ ಬರುವುದಿಲ್ಲ."

"ಮನೆಯಲ್ಲೇ ಇದ್ದೀರಲ್ಲ?"

"ಮತ್ತೆಲ್ಲಿ?"

ಅರ್ಧ ಗಂಟೆ ಕಳೆಯುವುದರೊಳಗೆ ಅಡುಗೆಮನೆ ಸಿಡಿಯಿತು. ಲೈಟಿನ ಸ್ವಿಚ್ಚು ಒತ್ತಿದಾಗಿನ ಕಿಡಿ ಎಂದರು ಪೊಲೀಸರು. ನೆರೆಮನೆಯ ಜೈನಬಮ್ಮನಿಗೆ ತಮ್ಮ ಬಾವಿಕಟ್ಟೆಯವರೆಗೂ ಗ್ಯಾಸಿನ ವಾಸನೆ ಬಂದಿತ್ತು. ಕೂಗುತ್ತ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಸ್ಕೂಟರ್ ಅಂಗಳದಲ್ಲೇ ಇತ್ತು ಮಗಳೇ," ಎಂದು ಅವರು ಹೇಳಿದ್ದರು. "ಅವ ಒಳಗೇ ಇದ್ದಾನೆ ಅಂತ ನಾನು ಓಡಿದ್ದು."

ಪ್ರಾಪ್ತಿ ಅದನ್ನು ನಂಬಿರಲಿಲ್ಲ. ಬಂಟ್ವಾಳದಲ್ಲಿ ಮನೀಷನಷ್ಟು ಚುರುಕಾದ ಮೂಗು ಇನ್ನೊಬ್ಬರಿಗಿರಲಿಲ್ಲ. ಬಾವಿಕಟ್ಟೆಗೆ ಬಂದ ವಾಸನೆ ಮನೆಯೊಳಗಿದ್ದವನಿಗೆ ಬರಲಿಲ್ಲವೆಂದರೆ ಅವನು ಮನೆಯಲ್ಲಿರಲೇ ಇಲ್ಲ. ಯಾರದೋ ಕಾರಿನಲ್ಲಿ ಹೋಗಿದ್ದ. ತಿರುಗಿ ಬಂದು, ಹಿತ್ತಿಲ ಬಾಗಿಲು ತೆಗೆದು, ಉಸಿರೆಳೆಯುವ ಮೊದಲೇ ಸ್ವಿಚ್ಚಿಗೆ ಕೈ ಹಾಕಿದ. ತನಗೆ ಆ ಸುಳ್ಳು ಹೇಳುವಾಗ ಅವನು ಎಲ್ಲಿದ್ದ? ಅವಳಿಗೆ ತಿಳಿಯಬೇಕಾದದ್ದು ಇದೊಂದೇ.

ಚೀಟಿಯ ನಂಬರಿಗೆ ಫೋನ್ ಮಾಡಿದಳು.

"ಮನೀಷನ ಹೆಂಡತಿಯಾ?" ಆ ಕಡೆಯ ದನಿ ತಡವರಿಸಿತು. "ನಾವು ಕಾಲೇಜಿನಲ್ಲಿ ಒಟ್ಟಿಗೆ ಇದ್ದದ್ದು. ಮೂಡುಬಿದಿರೆಗೆ ಬನ್ನಿ. ನಿಮಗೆ ಗೊತ್ತಾಗುವುದು ಅವನಿಗೆ ಬೇಡ ಇತ್ತು."

ಬಿ.ಸಿ.ರೋಡಿನಲ್ಲಿ ಬಸ್ಸು ಕಾಯುವಾಗ ಎದುರಿನ ಪಬ್ಬಿನಿಂದ ಭವಿತ್ ಕರೆದ. ಮನೀಷನ ಗೆಳೆಯ, ಪಬ್ಬಿನ ಮಾಲೀಕ. ವರ್ಷಕ್ಕೊಮ್ಮೆ ಅಲ್ಲಿ ಬಿಯರ್ ಮೇಳ. ಕರಾವಳಿಯ, ಘಟ್ಟದ ಸಣ್ಣ ತಯಾರಕರು ಸೋಸದ ಏಲ್ ಬಿಯರನ್ನು ಪೀಪಾಯಿಯಲ್ಲೇ ತರುತ್ತಾರೆ. ಹೆಸರು ಮುಚ್ಚಿ ನಂಬರು ಹಾಕುತ್ತಾರೆ. ಬಣ್ಣ, ಪರಿಮಳ, ರುಚಿಗೆ ಹತ್ತರಲ್ಲಿ ಅಂಕ. ಆರು ವರ್ಷದಿಂದ ಅಲ್ಲಿ ಮನೀಷನ ಅಂಕವೇ ಕೊನೆಯ ಮಾತು. ಈ ಸಲದ ಮೇಳ ಮುಗಿದದ್ದು ಅವನು ಸಾಯುವ ಹಿಂದಿನ ವಾರ.

"ಅವ ಅಂಕ ಬರೆದ ಕಾರ್ಡುಗಳು. ನಿಮ್ಮ ಹತ್ತಿರ ಇರಲಿ," ಎಂದ ಭವಿತ್. ಮೇಜಿನ ಮೇಲೆ ಕುರ್ಚಿಗಳು ಇನ್ನೂ ಬೋರಲಾಗಿದ್ದವು. "ಈ ಸಲ ಮಾತ್ರ ತಪ್ಪಿದ, ಮಾರಾಯ್ರೆ. ಏಳನೇ ಪೀಪಾಯಿ ಕೊಳೆತ ಮೊಟ್ಟೆ ಹಾಗೆ ನಾರ್ತಿತ್ತು. ಬಾಗಿಲಲ್ಲಿ ನಿಂತವರೂ ಮೂಗು ಮುಚ್ಚಿದ್ರು. ಇವ ಪರಿಮಳಕ್ಕೆ ಒಂಬತ್ತು ಕೊಟ್ಟ. 'ಕಿತ್ತಳೆ ಸಿಪ್ಪೆಯ ಪರಿಮಳ' ಅಂತೆ. ಹೋದ ವರ್ಷ ಬರೆದದ್ದೇ ಮಾತು."

"ನೀವು ಕೇಳ್ಲಿಲ್ವಾ?"

"ಕೇಳಿದೆ. ನಿನ್ನ ಮೂಗನ್ನು ಯಾರ ಮನೆಯಲ್ಲಿ ಬಿಟ್ಟು ಬಂದಿದ್ದಿ ಅಂತ."

"ಅವರು?"

ಭವಿತ್ ಕಾರ್ಡುಗಳ ಅಂಚು ಸರಿಮಾಡಿದ. "ಮೂಡುಬಿದಿರೆಯಲ್ಲಿ, ಅಂದ. ತಮಾಷೆಗೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ."

ಬಸ್ಸಿನಲ್ಲಿ ಪೆಟ್ಟಿಗೆ ಅವಳ ಮಡಿಲಲ್ಲಿತ್ತು. ಪಕ್ಕದ ಹೆಂಗಸು, "ಒಳ್ಳೆ ಪರಿಮಳ, ಎಲ್ಲಿಂದ ತಂದದ್ದು?" ಎಂದು ಕೇಳಿದಳು. ಪ್ರಾಪ್ತಿ ಕಿಟಕಿಯ ಕಡೆ ತಿರುಗಿದಳು.

ಸಾತ್ವಿಕಾ ಫೋನಿನಲ್ಲಿ ಕೊಟ್ಟ ವಿಳಾಸ ಒಂದು ಔಷಧದ ಅಂಗಡಿಯ ಮೇಲಿನ ಮಹಡಿಯದು. ಹೊರಗಿನ ಬೆಂಚಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡ ಮುದುಕರೊಬ್ಬರು ಕುಳಿತಿದ್ದರು. ಸಾತ್ವಿಕಾ ಅವರಿಗೆ ಕಾಯಲು ಹೇಳಿ ಪ್ರಾಪ್ತಿಯನ್ನು ಒಳಗೆ ಕರೆದಳು. ಪ್ರಾಪ್ತಿಯ ವಯಸ್ಸಿನವಳೇ. ಕಣ್ಣು ಕೆಂಪಾಗಿತ್ತು.

ಪ್ರಾಪ್ತಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು.

"ಇದು ನಿಮ್ಮದು. ಅವರು ಹಿಂದೆ ಕೊಡಬೇಕಿತ್ತಂತೆ."

"ಹೌದು."

"ಆ ದಿನ ಸಂಜೆ ಅವರು ಇಲ್ಲಿದ್ದರಾ?"

"ಇಲ್ಲ. ಆ ವಾರ ನಾನೇ ಊರಲ್ಲಿರಲಿಲ್ಲ."

"ಹಾಗಾದರೆ ಮನೆಯಲ್ಲೇ ಇದ್ದರು." ಪ್ರಾಪ್ತಿಯ ದನಿ ಏರಲಿಲ್ಲ. "ಗ್ಯಾಸಿನ ವಾಸನೆ ಉಂಟಾ ಅಂತ ಕೇಳಿದ್ದೆ. ಎದ್ದು ನೋಡದೆ ಸುಳ್ಳು ಹೇಳಿದರು."

ಸಾತ್ವಿಕಾ ಒಂದು ಬಾಟಲಿಯ ಬಿರಡೆ ತೆಗೆದಳು. ಕೋಣೆಯಿಡೀ ಗುಲಾಬಿ ಹರಡಿತು.

"ಆ ಜ್ವರದಲ್ಲಿ ಅವನ ಮೂಗು ಹೋಯಿತು. ನಿಮಗೂ ಭವಿತ್‌ಗೂ ಹೇಳಬೇಡ ಅಂತ ನನ್ನ ಹತ್ತಿರ ಮಾತು ತಗೊಂಡಿದ್ದ. ಮೂಗಿನ ಡಾಕ್ಟರ್ ನಾನು, ಗುಣ ಮಾಡ್ತೇನೆ ಅಂದುಕೊಂಡೆ. ಐದು ತಿಂಗಳು, ಪ್ರತಿ ಗುರುವಾರ, ಈ ಬಾಟಲಿಯನ್ನು ಅವನ ಮೂಗಿನ ಕೆಳಗೆ ಹೀಗೆ ಹಿಡಿದಿದ್ದೇನೆ. ಪ್ರತಿ ಸಲ ಒಂದೇ ಉತ್ತರ. 'ಇಲ್ಲ. ಎಂಥದ್ದೂ ಬರುವುದಿಲ್ಲ.'"