ಗಟ್ಟಿ ಕಾರು

ಮಗಳಿಗೆ ಡ್ರೈವಿಂಗ್ ಲೈಸೆನ್ಸ್ ಬಂದದ್ದೇ ನೆಪವಾಯಿತು. ಹರೆಯದಲ್ಲಿ ಕೈಗೆಟುಕದ ಆಸೆ ತೀರಿಸಿಕೊಳ್ಳಲು, ನನಗಿಂತ ಹಳೆಯದಾದ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಅವಳ ಹೆಸರು ಹೇಳಿ ಕೊಂಡು ತಂದೆ.

ಅವಳು ಒಳಗೆ ಇಣುಕಿದಳು. "ಏರ್‌ಬ್ಯಾಗ್ ಎಲ್ಲಪ್ಪಾ?"

"ಆಗಿನ ಕಾಲದಲ್ಲಿ ಅದೆಲ್ಲ ಇರ್ಲಿಲ್ಲಮ್ಮ."

"ಸೀಟ್ ಬೆಲ್ಟೂ ಇಲ್ವಲ್ಲ."

"ಯಾಕೆ ಬೇಕು? ನಿಮ್ಮಮ್ಮನ ಕಾರಿನ ಥರ ತಗಡಿನ ಡಬ್ಬ ಅಲ್ಲ ಇದು. ಅಪ್ಪಟ ಕಬ್ಬಿಣ. ಗುದ್ದಿದ್ರೂ ಒಂದು ಗೀರು ಬೀಳಲ್ಲ."

"ಗುದ್ದಿದಾಗ ಕಾರು ನಜ್ಜುಗುಜ್ಜಾಗ್ಬೇಕಪ್ಪಾ. ಇಲ್ದಿದ್ರೆ ಆ ಏಟು ಒಳಗಿರೋರಿಗೆ ಬೀಳುತ್ತೆ."

"ನಿನ್ನೆ ಲೈಸೆನ್ಸ್ ತಗೊಂಡು ಇವತ್ತು ನಂಗೇ ಪಾಠ ಹೇಳ್ತೀಯಾ?"

ಮನೆಗೆ ಕರೆಸಿದ್ದ ಅರ್ಚಕರು ಕಾರಿನ ಪೂಜೆ ಮುಗಿಸಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಮಗಳು ಹತ್ತಲಿಲ್ಲ. ನಾನೇ ಹೊಟ್ಟೆ ಒಳಗೆಳೆದುಕೊಂಡು ಸ್ಟೀರಿಂಗ್ ಹಿಂದೆ ತೂರಿಕೊಂಡು, ಗತ್ತಿನಿಂದ ಆಕ್ಸಿಲರೇಟರ್ ಒತ್ತಿದೆ. ನಿಂಬೆಹಣ್ಣುಗಳು ಅಪ್ಪಚ್ಚಿಯಾದವು. ಬ್ರೇಕ್ ಹಿಡಿಯುವಷ್ಟರಲ್ಲಿ ಕಾರು ನಮ್ಮದೇ ಗೇಟಿನ ಕಂಬಕ್ಕೆ ಗುದ್ದಿತ್ತು, ನನ್ನ ಬಾಯಿ ಸ್ಟೀರಿಂಗಿಗೆ.

ಮಗಳು ನನ್ನನ್ನು ತಗಡಿನ ಡಬ್ಬದಲ್ಲಿ ಕೂರಿಸಿ, ಸೀಟ್ ಬೆಲ್ಟ್ ಬಿಗಿದು, ಆಸ್ಪತ್ರೆಯ ದಾರಿ ಹಿಡಿದಳು. ಮುಂದಿನ ಹಲ್ಲುಗಳೆರಡು ನನ್ನ ಅಂಗೈಯಲ್ಲಿದ್ದವು.

"ನೀನು ಹೇಳಿದ್ದು ನಿಜ ಅಪ್ಪ," ಎಂದಳು. "ಕಾರಿಗೆ ಒಂದು ಗೀರೂ ಬಿದ್ದಿಲ್ಲ."